ಮಗಳ ಲಸಿಕೆ: ಕೇಳುವವರಿಲ್ಲ, ಹೇಳುವವರೂ ಇಲ್ಲ

ನಾನು ಹೃದ್ರೋಗ ವೈದ್ಯ. ಕೀಮೋಥೆರಪಿಗೆ ಮುಂಚೆ ಎಕೋ ಮಾಡಿಸಲು ಬರುವವರಲ್ಲಿ ಗರ್ಭಕಂಠದ ಕ್ಯಾನ್ಸರ್ ಆದ ತಾಯಂದಿರೂ ಇರುತ್ತಾರೆ. ಹೃದಯ ಗಟ್ಟಿಯಿದೆ ಎಂದು ಬರೆದುಕೊಡುತ್ತೇನೆ. ಬರೆಯುವಾಗ ಸಂಕಟವಾಗುತ್ತದೆ.

ಈ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಯಾವಾಗಲೂ ಎಚ್‌ಪಿವಿ ವೈರಸ್ಸೇ ಕಾರಣ. ಅದಕ್ಕೆ ಲಸಿಕೆಯಿದೆ. ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲೇ ಬಂದಿದೆ.

ಜನ ಒಪ್ಪುವುದಿಲ್ಲ ಎಂದು ನಾವು ವೈದ್ಯರು ದೂರುತ್ತೇವೆ. ನಿಜವೆಂದರೆ ನಾವು ಹೇಳುವುದೇ ಇಲ್ಲ. ಹನ್ನೊಂದರ ಹುಡುಗಿ ಜ್ವರವೆಂದು ಬಂದರೆ ಮಾತ್ರೆ ಕೊಟ್ಟು ಕಳಿಸುತ್ತೇವೆ. ಹತ್ತು ವರ್ಷಕ್ಕೆ ಟಿಡಿ ಚುಚ್ಚುವಾಗಲೇ ಇದನ್ನೂ ಹಾಕಬಹುದು.

"ಇನ್ನೂ ಚಿಕ್ಕವಳಲ್ಲವೇ ಸರ್?" ಎಂದರು ಒಬ್ಬ ತಾಯಿ. ಅದಕ್ಕೇ ಈಗಲೇ, ತಾಯಿ. ವೈರಸ್ ಸೋಂಕುವ ಮೊದಲು ಹಾಕಿಸಿದರೆ ಲಾಭ ಹೆಚ್ಚು.

ರೂಢಿಯಲ್ಲಿ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ತುಂಬಿದವರಿಗೆ ಮೂರು. ಒಂದೇ ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕಬ್ಬಿನ ಹಂಗಾಮಿಗೆ ಬಂದವರು ಆರು ತಿಂಗಳಿಗೆ ಊರಲ್ಲಿರುತ್ತೀರಿ. ಚಿಂತೆಯಿಲ್ಲ, ಎರಡನೆಯದನ್ನು ಅಲ್ಲೇ ಹಾಕಿಸಿ. ತಡವಾದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಕಾರ್ಡಿನ ಫೋಟೊ ಮಾತ್ರ ಮೊಬೈಲಿನಲ್ಲಿರಲಿ.