ಕರಿಯ ನೆಲ, ನೀಲಿ ಅಕ್ಷರ

ಗಣಕಯಂತ್ರದಲ್ಲಿ ಚಿತ್ರಗಳ ಗೊಡವೆಯಿಲ್ಲದ, ಆಜ್ಞೆಗಳನ್ನು ಅಕ್ಷರಗಳಲ್ಲೇ ಬರೆಯಬೇಕಾದ ಒಂದು ಕಿಟಕಿಯಿದೆ, ಟರ್ಮಿನಲ್ ಎನ್ನುತ್ತಾರೆ. ಕೇರಳದ ಶಾಲೆಗಳಿಗೆ ಲಿನಕ್ಸ್ ಬಂದಾಗ, ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕನಾಗಿದ್ದ ನನಗೂ ಅದರ ಪರಿಚಯವಾಯಿತು. ಕರಿಯ ನೆಲ, ಬಿಳಿಯ ಅಕ್ಷರ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಹಿರಿಯರು ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತವೂ ಹೀಗೆಯೇ ಇತ್ತು. ಫೈಲನ್ನು ಕಡತವೆಂದು ಕರೆದವರಿಗೆ ಈ ಹೋಲಿಕೆ ಹೊಳೆದಿತ್ತೋ ಇಲ್ಲವೋ, ನನಗಂತೂ ಆ ಕಪ್ಪು ಪ್ರಿಯವಾಯಿತು.

ಕಳೆದ ವರ್ಷ ಒಂದು ಸಂಜೆ, ಅಮ್ಮ ಹಾಡುತ್ತಿದ್ದ ಶೋಭಾನೆಗಳನ್ನು ಬೆರಳಚ್ಚಿಸಿ ಕೂಡಿಟ್ಟಿದ್ದ ಫೋಲ್ಡರೇ ಕಾಣಲಿಲ್ಲ. ಪಟ್ಟಿಯಲ್ಲಿ ಬಿಡಿ ಕಡತಗಳಿದ್ದವು. ಅದಿರಬೇಕಾದೆಡೆ ಬರಿಯ ಕತ್ತಲು. ಅಮ್ಮನಿಲ್ಲ, ಬೇರೆ ಪ್ರತಿಯೂ ಇಲ್ಲ. ಅಳಿಸಿಬಿಟ್ಟೆನೆಂದೇ ಎಣಿಸಿ ಇರುಳಿಡೀ ನಿದ್ದೆಗೆಟ್ಟೆ. ಬೆಳಿಗ್ಗೆ ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಅಲ್ಲೇ ಇತ್ತು, ಕಡುನೀಲಿಯಲ್ಲಿ! ಫೋಲ್ಡರುಗಳ ಹೆಸರನ್ನು ನೀಲಿಯಲ್ಲಿ ತೋರಿಸುವುದು ಅಲ್ಲಿಯ ರೂಢಿ. ಅದು ನನಗೆ ತಿಳಿಯದ್ದಲ್ಲ. ಕಣ್ಣು ಕೈಬಿಟ್ಟದ್ದು ಮಾತ್ರ ತಿಳಿದಿರಲಿಲ್ಲ. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯ ಬೆಳಕನ್ನು ತಡೆಯುತ್ತದೆಂದು ವೈದ್ಯರು ಆಮೇಲೆ ವಿವರಿಸಿದರು.

ಬಣ್ಣ ಬದಲಿಸುವುದು ಕಷ್ಟವಲ್ಲ. ಹದಿನಾರು ಬಣ್ಣಗಳ ಪಟ್ಟಿಯಲ್ಲಿ ಎರಡು ನೀಲಿಗಳನ್ನು ತಿದ್ದಿದರೆ ಸಾಕು. ಮೊಮ್ಮಗಳು ಮೊದಲು, ಈಥನ್ ಶೂನೋವರ್ ಎಂಬವರು 2011ರಲ್ಲಿ ರೂಪಿಸಿದ ಸೋಲರೈಸ್ಡ್ ಎಂಬ ವರ್ಣಸಂಯೋಜನೆಯನ್ನು ಹೊಂದಿಸಿ ಕೊಟ್ಟಳು. ಕೆನೆಬಣ್ಣದ ನೆಲ, ಬೂದು ಅಕ್ಷರ; ಎಳೆಯ ಕಣ್ಣಿಗೆ ಹಿತವೇನೋ, ನನಗೆ ಮಂಜಿನಲ್ಲಿ ಓದಿದಂತಾಯಿತು. ಮತ್ತೆ ಕರಿಯ ನೆಲಕ್ಕೇ ಮರಳಿದ್ದೇನೆ. ನೀಲಿಯ ಜಾಗದಲ್ಲಿ ಅರಸಿನದ ಹಳದಿ ತುಂಬಿದ್ದೇನೆ. ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು. ಶೋಭಾನೆಯ ಪ್ರತಿಯೊಂದನ್ನು ಮೊಮ್ಮಗಳ ಯಂತ್ರಕ್ಕೂ ಸೇರಿಸಿಯಾಗಿದೆ.