ಹಣ ಬಂತೋ, ಹೋಯ್ತೋ?

ಮನೆಯಲ್ಲಿ ಕಾಮರ್ಸ್ ಓದುವವರಿದ್ದರೆ ದುಡ್ಡಿನ ಪ್ರಶ್ನೆಗಳೆಲ್ಲ ಅವರಿಗೇ. ಮೊನ್ನೆ ಅಬ್ಬಾ ಫೋನ್ ತೋರಿಸಿದರು. ಖಾತೆಗೆ 5,000 ರೂಪಾಯಿ ಕ್ರೆಡಿಟ್ ಆಗಿದೆ ಎಂದು ಬ್ಯಾಂಕಿನ ಮೆಸೇಜ್. ನಾನು ಗತ್ತಿನಿಂದ, "ತಪ್ಪು ಅಬ್ಬಾ, ಹಣ ಬಂದರೆ ಡೆಬಿಟ್ ಅನ್ನಬೇಕು" ಎಂದೆ. ಅಬ್ಬಾ ಗಾಬರಿಯಾದರು. "ಹಾಗಾದರೆ ಹಣ ಬಂತೋ, ಹೋಯ್ತೋ?" ಅಡುಗೆಮನೆಯಿಂದ ಅಮ್ಮಿ, "ಇವರ ಫೀಸಿಗೆ ಕಟ್ಟಿದ್ದಂತೂ ಹೋಯ್ತು" ಎಂದರು.

ಮರುದಿನ ಅಕೌಂಟೆನ್ಸಿ ಸರ್ ಅವರನ್ನು ಕೇಳಿದೆ. ಅವರು ನಕ್ಕು, "ಮೆಸೇಜ್ ಬರೋದು ಬ್ಯಾಂಕಿನ ಪುಸ್ತಕದಿಂದ. ನೀವಿಟ್ಟ ಹಣ ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ. ಅದಕ್ಕೇ ಅಲ್ಲಿ ಕ್ರೆಡಿಟ್, ನಿಮ್ಮ ಪುಸ್ತಕದಲ್ಲಿ ಡೆಬಿಟ್" ಎಂದರು.

ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್ ಎಂದು ವರ್ಷವಿಡೀ ಬಾಯಿಪಾಠ ಮಾಡಿದ್ದೆ. ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಆದರೆ ಯಾರ ಪುಸ್ತಕದಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಓದನ್ನು ಪರೀಕ್ಷೆ ಅಳೆಯುವುದಿಲ್ಲ, ಮನೆಯವರ ಒಂದು ಪ್ರಶ್ನೆ ಅಳೆಯುತ್ತದೆ. ಗೆಳೆಯರೇ, ವಾರಕ್ಕೊಂದು ಪಾಠ ಮನೆಯಲ್ಲಿ ವಿವರಿಸಿ ನೋಡಿ. ಅರ್ಥವಾಗಿದ್ದೆಷ್ಟು, ಉರು ಹೊಡೆದಿದ್ದೆಷ್ಟು ಎಂದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಂಜೆ ಅಬ್ಬಾಗೆ ಎಲ್ಲ ಹೇಳಿದೆ. ಅವರ ಮುಖ ಅರಳಿತು. "ಅಂದರೆ ಬ್ಯಾಂಕೇ ನನಗೆ ಸಾಲಗಾರ!"

ಈಗ ಬ್ಯಾಂಕಿಗೆ ಹೋಗುವಾಗ ಅಬ್ಬಾ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕುತ್ತಾರೆ.