ಮಳಿಗೆಗಳ ಒಳಮೀಟರಿನ ಲೆಕ್ಕ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಪಟ್ಟಣಗಳು ಬೆಳೆಯುತ್ತಲಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಸಿಂಧನೂರು ಭತ್ತದ ಪೇಟೆಯಾಯಿತು. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲೂಕಿನಲ್ಲಿದೆ. ಮಸ್ಕಿಯು ಈಚೆಗೆ ತಾಲೂಕಿನ ಕೇಂದ್ರವೆನಿಸಿದೆ. ಪೇಟೆ ಬೆಳೆದಲ್ಲಿ ಮಳಿಗೆಗಳು ಮೇಲಕ್ಕೇಳುವದು ಸಹಜವೇ. ಕೆಳಗೆ ಬಟ್ಟೆಯಂಗಡಿ, ಔಷಧದಂಗಡಿ; ಮೇಲೆ ದವಾಖಾನೆ, ಟೈಪಿಂಗ್ ಕೇಂದ್ರ; ಅದರ ಮೇಲೆ ಒಂದೆರಡು ಬಾಡಿಗೆ ಮನೆ. ಜನರು ಇದನ್ನು ಕಾಂಪ್ಲೆಕ್ಸು ಎಂದು ಕರೆಯುವರು. ಇಂಥ ಕಟ್ಟಡಗಳಲ್ಲಿ ವಿದ್ಯುತ್ ಕಂಪನಿಯ ಸಂಪರ್ಕವು ಅನೇಕ ವೇಳೆ ಒಂದೇ, ಅದೂ ಮಾಲಕನ ಹೆಸರಿನದು. ಅಂಗಡಿಗೊಂದರಂತೆ ಒಳಗೆ ತೂಗುಬಿದ್ದಿರುವ ಸಬ್‌ಮೀಟರುಗಳು ಮಾಲಕನವು. ತಿಂಗಳ ಕೊನೆಗೆ ಅವನು ಹೇಳಿದ ದರವೇ ದರ. ಈ ವ್ಯವಹಾರದಲ್ಲಿ ನ್ಯಾಯವೆಷ್ಟು ಎಂಬದನ್ನು ಇಂದು ವಾಚಕರ ಮುಂದೆ ವಿಚಾರಿಸಬೇಕೆಂದಿದ್ದೇವೆ.

ಒಳಮೀಟರು ತನ್ನಷ್ಟಕ್ಕೆ ಕೆಟ್ಟ ವಸ್ತುವಲ್ಲ. ಅದಿಲ್ಲದಿದ್ದರೆ ಬಿಲ್ಲಿನ ಹಣವನ್ನು ತಲೆಗಿಷ್ಟೆಂದು ಹಂಚಬೇಕಾಗುವದು. ಎರಡು ದೀಪ, ಒಂದು ಹೊಲಿಗೆ ಯಂತ್ರವಿರುವ ದರ್ಜಿಯು ನಾಲ್ಕು ಶೀತಕ ಪೆಟ್ಟಿಗೆಗಳ ತಂಪುಪಾನೀಯದಂಗಡಿಯ ಖರ್ಚನ್ನು ಹೊರಬೇಕಾಗುವದು. ಸಣ್ಣ ಅಂಗಡಿಗಳಲ್ಲಿ ವಿದ್ಯುತ್ ಪ್ರವಾಹವು ನೇರವಾಗಿ ಮೀಟರಿನ ಮೂಲಕವೇ ಹಾಯುತ್ತದೆ. ದೊಡ್ಡ ಮಳಿಗೆಗಳ ಪ್ರವಾಹವನ್ನು ಮೀಟರು ತಾಳಲಾರದು. ಆದ್ದರಿಂದ ತಂತಿಯ ಸುತ್ತ ಕರೆಂಟ್ ಟ್ರಾನ್ಸ್‌ಫಾರ್ಮರ್ ಎಂಬ ಬಳೆಯನ್ನು ತೊಡಿಸಿ, ಪ್ರವಾಹದ ಅಲ್ಪಾಂಶವನ್ನಷ್ಟೇ ಅಳೆದು, ಬಂದ ಅಂಕಿಯನ್ನು ಗುಣಿಸುವರು. 100ಕ್ಕೆ 5ರ ಬಳೆಯಿದ್ದರೆ ಗುಣಕವು 20. ಮೀಟರು 40 ತೋರಿದರೆ ಖರ್ಚಾದದ್ದು 800 ಯೂನಿಟ್ಟು. ಗುಣಕವನ್ನು ತಪ್ಪಾಗಿ ಬರೆದರೆ ಲೆಕ್ಕವೆಲ್ಲ ತಪ್ಪು. ಮೂರು ಫೇಸುಗಳ ಪೈಕಿ ಒಂದರ ಬಳೆಯನ್ನು ತಿರುವುಮುರುವಾಗಿ ತೊಡಿಸಿದರೆ, ಮೂರರ ಮೇಲೂ ಹೊರೆ ಸಮನಾಗಿದ್ದಾಗ, ಸಾಮಾನ್ಯ ಮೀಟರು ನಿಜದ ಮೂರರಲ್ಲೊಂದು ಪಾಲನ್ನು ಮಾತ್ರ ತೋರಿಸುವದು. ಆಗ ಉಳಿದೆರಡು ಪಾಲು ನೆರೆಯಂಗಡಿಗಳ ಮೇಲೆ ಬೀಳದೆ ಹೋಗದು.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಕಂಪನಿಯ ಮೀಟರು 3,000 ಯೂನಿಟ್ಟು ತೋರಿಸಿತು. ಬಿಲ್ಲು ಎಲ್ಲ ಕೂಡಿ 30,000 ರೂ. ಆಯಿತೆನ್ನಿರಿ. ಹತ್ತು ಅಂಗಡಿಗಳ ಒಳಮೀಟರುಗಳ ಮೊತ್ತ 2,600. ಉಳಿದ 400 ಎಲ್ಲಿಗೆ ಹೋಯಿತು? ಮೆಟ್ಟಿಲ ದೀಪ, ನೀರಿನ ಪಂಪು, ಲಿಫ್ಟು, ತಂತಿಯಲ್ಲಿ ಕಾವಾಗಿ ಕಳೆದುಹೋದದ್ದು. ಮಾಲಕನು ಯೂನಿಟ್ಟಿಗೆ 10 ರೂ. ಹಿಡಿದರೆ 26,000 ಬರುವದು, 4,000 ರೂ. ಕೈಯಿಂದ ಹೋಗುವದು. 11 ರೂ. 54 ಪೈಸೆ ಹಿಡಿದರೆ ಸರಿಸಮ. ಆದ್ದರಿಂದ ಕಂಪನಿಯ ದರಕ್ಕಿಂತ ಹೆಚ್ಚು ಕೇಳಿದ ಮಾಲಕರನ್ನೆಲ್ಲ ಸುಲಿಗೆಗಾರರೆನ್ನಲು ನಾವು ಸಿದ್ಧರಿಲ್ಲ. ಆದರೆ ಅದೇ ಮಾಲಕನು 12 ರೂ. ಹಿಡಿದು 31,200 ತೆಗೆದುಕೊಂಡು, ಮೇಲೆ ಮೇಂಟೆನನ್ಸ್ ಎಂಬ ಹೆಸರಿನಲ್ಲಿ ಮೆಟ್ಟಿಲ ದೀಪಕ್ಕೂ ಪಂಪಿಗೂ ಬೇರೆ ಹಣ ಕೇಳಿದರೆ, ಒಂದೇ ವಸ್ತುವಿನ ಬೆಲೆಯನ್ನು ಎರಡು ಸಾರೆ ವಸೂಲು ಮಾಡಿದಂತಾಯಿತು. ಬಾಡಿಗೆದಾರನಿಗೆ ಇದು ತಿಳಿಯುವ ಬಗೆ ಯಾವದು? ಕಂಪನಿಯ ಬಿಲ್ಲನ್ನು ಅವನು ಕಂಡಿರುವದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಬಿಲ್ಲಿನಲ್ಲಿ ಯೂನಿಟ್ಟಿನ ಹಣವಷ್ಟೇ ಇರುವದಿಲ್ಲ. ಮಂಜೂರಾದ ಕಿಲೋವ್ಯಾಟುಗಳ ಮೇಲೆ ನಿಗದಿತ ಶುಲ್ಕವಿದೆ, ಇಂಧನದ ಹೊಂದಾಣಿಕೆ ಇದೆ, ತೆರಿಗೆಯಿದೆ, 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿಯ ಸಲುವಾಗಿ ಹೇರಿದ ಅಧಿಭಾರವೂ ಸೇರಿದೆ. ನಿಗದಿತ ಶುಲ್ಕವು ಅಂಗಡಿ ಮುಚ್ಚಿದ್ದರೂ ತಪ್ಪದು. ಅದನ್ನು ಯೂನಿಟ್ಟುಗಳ ಮೇಲೆ ಹಂಚದೆ, ಪ್ರತಿಯೊಂದು ಅಂಗಡಿಯ ಕಿಲೋವ್ಯಾಟಿನ ಹೊರೆಯ ಮೇಲೆ ಹಂಚುವದೇ ಯೋಗ್ಯ. ಮಾಲಕನ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು: ಠೇವಣಿ ಕಟ್ಟಿದವನು ಅವನು, ಬಾಡಿಗೆದಾರನು ಬಾಕಿ ಉಳಿಸಿ ಹೊರಟುಹೋದರೆ ತುಂಬುವವನೂ ಅವನೇ.

ಸಿಂಧನೂರಿನ ಮಾರುಕಟ್ಟೆಯ ಅಂಗಳದಲ್ಲಿ ಭತ್ತ ತೂಗುವ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಆ ಮುದ್ರೆಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಕಂಪನಿಯು ತನ್ನ ಮೀಟರಿಗೂ ಮೊಹರು ಹಾಕುವದು. ಅದೇ ಪೇಟೆಯ ಮಳಿಗೆಯೊಳಗೆ ವಿದ್ಯುತ್ತನ್ನು ತೂಗುವ ಒಳಮೀಟರನ್ನು ಯಾರು ಪರೀಕ್ಷಿಸಿದರು, ಎಂದು ಪರೀಕ್ಷಿಸಿದರು ಎಂದು ಕೇಳಿದರೆ ಉತ್ತರ ದೊರೆಯುವದು ದುರ್ಲಭ. ವಾಚಕರು ತಾವೇ ಮಾಡಬಹುದಾದ ಪರೀಕ್ಷೆಯೊಂದುಂಟು. ಈಗಿನ ಮೀಟರುಗಳಲ್ಲಿ ಕೆಂಪು ದೀಪವೊಂದು ಮಿನುಗುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬದು ಮುಖದ ಮೇಲೆಯೇ ಬರೆದಿರುತ್ತದೆ. ಅಂಗಡಿಯ ಸ್ವಿಚ್ಚುಗಳನ್ನೆಲ್ಲ ಆರಿಸಿರಿ. ಆಗಲೂ ದೀಪವು ಮಿನುಗುತ್ತಲೇ ಇದ್ದರೆ ನೆರೆಯವನ ತಂತಿಯೇನಾದರೂ ನಿಮ್ಮ ಮೀಟರಿಗೆ ಕೂಡಿಕೊಂಡಿದೆಯೇ ಎಂದು ಶೋಧಿಸಬೇಕು. 3,200 ಮಿನುಗಿನ ಮೀಟರಿಗೆ 1,000 ವ್ಯಾಟಿನ ಇಸ್ತ್ರಿಯೊಂದನ್ನೇ ಹಚ್ಚಿದರೆ, ಅದು ಎಡೆಬಿಡದೆ ಕಾಯುತ್ತಿರುವ ನಿಮಿಷದಲ್ಲಿ 53ರ ಸುಮಾರು ಮಿನುಗು ಕಾಣಬೇಕು. ತೀರ ಹೆಚ್ಚುಕಡಿಮೆಯಾದರೆ ಮೀಟರು ಸಂಶಯಾಸ್ಪದವಾದದ್ದು.

ಕಾಯದೆಯೇನೋ ಮೂಕವಾಗಿಲ್ಲ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 12ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ವಿದ್ಯುತ್ತಿನ ವ್ಯಾಪಾರ ಕೂಡದು. ಹಂಚಿಕೊಳ್ಳುವದು ಬೇರೆ, ಲಾಭವಿಟ್ಟು ಮಾರುವದು ಬೇರೆ. 43ನೆಯ ಕಲಮು ಸ್ಥಳದ ಒಡೆಯನಿಗಷ್ಟೇ ಅಲ್ಲ, ಅಲ್ಲಿ ವಾಸಿಸುವ ಅನುಭೋಗದಾರನಿಗೂ ಸಂಪರ್ಕ ಕೇಳುವ ಹಕ್ಕನ್ನು ಕೊಟ್ಟಿದೆ. ಮಾಲಕನು ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ತನ್ನು ನಿರಾಕರಿಸಲಾಗದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಇಂಗ್ಲಂಡದಲ್ಲಿ ಮನೆವಾಸದ ಬಾಡಿಗೆದಾರರಿಗೆ ಮಾಲಕರು ತಾವು ಕೊಟ್ಟದ್ದಕ್ಕಿಂತ ಹೆಚ್ಚಿನ ಬೆಲೆಗೆ ವಿದ್ಯುತ್ತನ್ನು ಮಾರಕೂಡದೆಂಬ ಕಟ್ಟಳೆ 2003ರಿಂದ ನಡೆದಿದೆ. ನಮ್ಮಲ್ಲಿ ಇಷ್ಟು ನೇರವಾದ ಮಾತು ಬಾಡಿಗೆದಾರನ ಕಿವಿಗೆ ಬಿದ್ದೇ ಇಲ್ಲ.

ಇದರ ಪೆಟ್ಟು ಹೆಚ್ಚಾಗಿ ತಗಲುವದು ಮಳಿಗೆಯ ಮೇಲಿನ ಬಾಡಿಗೆ ಮನೆಗಳಿಗೆ. ರಾಜ್ಯ ಸರಕಾರವು 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ತಂದಿತು. ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಗೃಹಬಳಕೆದಾರರಿಗೆ ವಿದ್ಯುತ್ತು ಉಚಿತ. ಆದರೆ ಅದು ಗೃಹಬಳಕೆಯ ಸ್ವಂತ ಆರ್.ಆರ್. ನಂಬರು ಉಳ್ಳವರಿಗೆ. ಮಾಲಕನ ವಾಣಿಜ್ಯ ಸಂಪರ್ಕದಿಂದ ಒಳಮೀಟರಿನ ಮೂಲಕ ದೀಪ ಹಚ್ಚುವ ಸಂಸಾರವು ಕಂಪನಿಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಎದುರು ಮನೆಯವನಿಗೆ ಪುಕ್ಕಟೆ, ಇವನಿಗೆ ಅಂಗಡಿಯ ದರ! ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ವಿದ್ಯುತ್ತು ಕಳಿಸುತ್ತ ಬಂದ ಜಿಲ್ಲೆಯೊಳಗಿನ ಮಾತಿದು.

ಪ್ರತ್ಯೇಕ ಸಂಪರ್ಕವನ್ನೇ ಏಕೆ ಪಡೆಯಬಾರದು ಎಂದು ಕೇಳಬಹುದು. ಅಲ್ಲಿಯೇ ತೊಡಕು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ತು, ನೀರು ಕೊಡಬಾರದೆಂದು ತೀರ್ಪಿತ್ತ ಮೇಲೆ, ಅಂಥ ಪತ್ರವಿಲ್ಲದ ಕಟ್ಟಡಗಳು ಹೊಸ ಮೀಟರು ಪಡೆಯುವದು ಕಠಿಣವಾಯಿತು. ಮನಬಂದಂತೆ ಕಟ್ಟುವವರನ್ನು ತಡೆಯುವ ತೀರ್ಪಿನ ಉದ್ದೇಶ ಸರಿಯಾದದ್ದೇ. ಆದರೆ ಕಟ್ಟಿದವನು ಮಾಲಕ. ಮೀಟರಿಲ್ಲದೆ ಕುಳಿತವನು ಬಾಡಿಗೆದಾರ. ಹಳೆಯ ಸಂಪರ್ಕವೊಂದನ್ನೇ ಹತ್ತು ಕಡೆಗೆ ಎಳೆದು ಒಳಮೀಟರು ತೂಗಹಾಕುವ ಮನಸ್ಸು ಇದರಿಂದ ಬಲಿಯುವದೇ ಹೊರತು ಕುಂದದು. ಮನೆಯ ಸಂಪರ್ಕದಿಂದ ಅಂಗಡಿಗೆ ತಂತಿಯೆಳೆದರಂತೂ 126ನೆಯ ಕಲಮಿನ ಮೇರೆಗೆ ಇಮ್ಮಡಿ ದರದ ದಂಡ ಬೀಳುವ ಭಯ ಬೇರೆ.

ಆದ್ದರಿಂದ ಜೆಸ್ಕಾಂ ಕಂಪನಿಯು ಈ ಮೂರೂ ಊರುಗಳ ತನ್ನ ಕಚೇರಿಗಳಲ್ಲಿ, ಬಾಡಿಗೆದಾರನೂ ಸಂಪರ್ಕಕ್ಕೆ ಅರ್ಜಿ ಹಾಕಬಹುದೆಂಬದನ್ನು ಕನ್ನಡದಲ್ಲಿ ಬರೆದು ತೂಗಹಾಕಲಿ. ಒಳಮೀಟರು ಅನಿವಾರ್ಯವಾದಲ್ಲಿ ಕಂಪನಿಯ ಬಿಲ್ಲಿನ ಪ್ರತಿಯನ್ನು ಪ್ರತಿ ತಿಂಗಳೂ ಮೆಟ್ಟಿಲ ಬಳಿ ಅಂಟಿಸಬೇಕು. ಅಂಕಿಯನ್ನು ಇಬ್ಬರೂ ಕೂಡಿ ಓದಬೇಕು. ಸಾರ್ವಜನಿಕ ದೀಪ, ಪಂಪುಗಳ ಯೂನಿಟ್ಟುಗಳನ್ನು ಬೇರೆಯಾಗಿ ತೋರಿಸಬೇಕು. ಇದಕ್ಕೆ ಹೊಸ ಕಾಯದೆಯೇನೂ ಬೇಕಾಗಿಲ್ಲ. ಮಳಿಗೆಗಳ ಕರಾರುಪತ್ರಗಳು ಬಹುತರ ಹನ್ನೊಂದು ತಿಂಗಳಿನವು. ವ್ಯಾಪಾರಸ್ಥರ ಸಂಘಗಳು ಒಂದು ಒಳ್ಳೆಯ ಮಸೂದೆಯನ್ನು ಸಿದ್ಧಪಡಿಸಿಕೊಟ್ಟರೆ, ಬರುವ ನವೀಕರಣದಲ್ಲಿಯೇ ಬಾಡಿಗೆಯ ಮೊತ್ತದ ಕೆಳಗೆ ಈ ನಾಲ್ಕು ಸಾಲುಗಳನ್ನು ಬರೆಯಿಸಿಕೊಳ್ಳಲು ಬರುತ್ತದೆ.